ಬದುವಿನ ಮೇಲೆ ಬಿದ್ದವನನ್ನು ಮೊದಲು ಮುಟ್ಟುವವರಿಗೆ ತರಬೇತಿ ಬೇಕು



ಭತ್ತಕ್ಕೆ ಯೂರಿಯಾ ಎಷ್ಟು ಕಂತಿನಲ್ಲಿ ಕೊಡಬೇಕು ಎಂದು ಕೇಳಿದರೆ ನೀವು ನಿಂತಲ್ಲೇ ಹೇಳುತ್ತೀರಿ. ಕಂದು ಜಿಗಿ ಹುಳು ಬಿದ್ದ ಗದ್ದೆಯನ್ನು ದೂರದಿಂದಲೇ ಗುರುತಿಸುತ್ತೀರಿ. ಮೆಕ್ಕೆಜೋಳದ ಸುಳಿಯಲ್ಲಿ ಸೈನಿಕ ಹುಳು ಕಂಡರೆ ಯಾವ ಎಣ್ಣೆ, ಡಬ್ಬಿಗೆ ಎಷ್ಟು ಎಂಬುದೂ ನಿಮಗೆ ಬಾಯಿಪಾಠ. ಆದರೆ ಆ ಎಣ್ಣೆ ಹೊಡೆಯುತ್ತಿದ್ದ ಆಳು ಬದುವಿನ ಮೇಲೆ ಕುಸಿದುಬಿದ್ದರೆ ಮೊದಲ ಕೆಲಸ ಯಾವುದು? ಎರಡನೆಯದು ಯಾವುದು? ಯಾವುದನ್ನು ಮಾಡಲೇಬಾರದು? ಹಳ್ಳಿಯ ಸಭೆಗಳಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಹತ್ತು ಜನ ಹತ್ತು ಉತ್ತರ ಕೊಟ್ಟಿದ್ದಾರೆ. ಮಜ್ಜಿಗೆ ಎನ್ನುವವರು ಕೆಲವರು, ಉಪ್ಪುನೀರು ಎನ್ನುವವರು ಕೆಲವರು, ಹುಣಸೆ ಹಣ್ಣಿನ ರಸ ಎನ್ನುವವರು ಇನ್ನು ಕೆಲವರು. ಒದ್ದೆ ಅಂಗಿ ಬಿಚ್ಚಬೇಕು ಎಂದವರು ಬಹಳ ಕಡಿಮೆ.

ಈ ವಾರ ಬೆಳೆಯ ಮಾತು ಬಿಟ್ಟು ಬೆಳೆಯುವವನ ಜೀವದ ಮಾತು ಆಡುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ನಾನು ಬರೆದುಕೊಟ್ಟ ಚೀಟಿ

ಹನ್ನೆರಡು ವರ್ಷದ ಹಿಂದಿನ ಮಾತು. ಊರಿನ ಹೆಸರೂ ರೈತನ ಹೆಸರೂ ಇಲ್ಲಿ ಬೇಡ. ಭದ್ರಾ ನಾಲೆಯ ಕೊನೆಯ ಭಾಗದ ಒಂದು ಹಳ್ಳಿ ಎಂದರೆ ಸಾಕು. ಗದ್ದೆಗೆ ಜಿಗಿ ಹುಳು ಬಿದ್ದಿತ್ತು. ಯಜಮಾನರು ಬಂದು ಕೇಳಿದರು, ನಾನು ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ, ಎದುರುಗಾಳಿಯಲ್ಲಿ, ಸೋರುವ ಡಬ್ಬಿಯನ್ನು ಬೆನ್ನಿಗೇರಿಸಿಕೊಂಡು ಕೂಲಿಯ ಹುಡುಗ ಸಿಂಪಡಿಸಿದ. ಮೂರನೆಯ ಡಬ್ಬಿ ಮುಗಿಯುವ ಹೊತ್ತಿಗೆ ತಲೆ ಸುತ್ತುತ್ತದೆ ಎಂದು ಬದುವಿನ ಮೇಲೆ ಕೂತ. ವಾಂತಿಯಾಯಿತು, ಬಾಯಲ್ಲಿ ಜೊಲ್ಲು ಸುರಿಯಿತು, ಉಸಿರು ಎಳೆಯತೊಡಗಿದ.

ಸುತ್ತಲಿದ್ದವರು ಸುಮ್ಮನೆ ನಿಂತಿರಲಿಲ್ಲ. ಒಬ್ಬರು ಮಜ್ಜಿಗೆ ಕುಡಿಸಿದರು. ಇನ್ನೊಬ್ಬರು ಉಪ್ಪುನೀರು ಕುಡಿಸಿ ಗಂಟಲಿಗೆ ಬೆರಳು ಹಾಕಿದರು. ಔಷಧಿಯಲ್ಲಿ ತೊಯ್ದ ಅಂಗಿ ಮಾತ್ರ ಮೈಮೇಲೆಯೇ ಉಳಿಯಿತು. ಮಕ್ಕಳ ಕೈಗೆ ಸಿಗಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಒಬ್ಬ ಹುಡುಗ ಖಾಲಿ ಬಾಟಲಿಯನ್ನು ನಾಲೆಗೆ ಎಸೆದ. ಟ್ರಾಕ್ಟರಿನಲ್ಲಿ ಹೋಬಳಿ ಊರಿಗೆ ಒಯ್ದರು. ಅಲ್ಲಿ ಒಂದು ಕಡೆ ಗ್ಲೂಕೋಸ್ ಹಾಕಿಸಿದರು. ಅಲ್ಲಿಂದ ಮತ್ತೊಂದು ಕಡೆ ಹೋದರು. ದೊಡ್ಡ ಆಸ್ಪತ್ರೆ ಸೇರುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ಯಾರಿಗೂ ಹೇಳಲು ಬರಲಿಲ್ಲ.

ಆತ ಬದುಕಿದ. ಎರಡು ವಾರ ಆಸ್ಪತ್ರೆಯಲ್ಲಿದ್ದ. ಸಂಜೆ ನಾನು ಅಲ್ಲಿಗೆ ಹೋದಾಗ ನನ್ನ ಚೀಟಿ ಯಜಮಾನರ ಜೇಬಿನಲ್ಲೇ ಇತ್ತು. ಗಾಬರಿಯಲ್ಲಿ ಅವರಿಗೆ ಅದರ ನೆನಪೇ ಆಗಿರಲಿಲ್ಲ. ಆ ಚೀಟಿಯನ್ನು ತೆಗೆದು ನೋಡಿದೆ. ಪ್ರಮಾಣ ಬರೆದಿದ್ದೆ, ಎಷ್ಟು ನೀರಿಗೆ ಎಂದು ಬರೆದಿದ್ದೆ, ಎಷ್ಟು ದಿನ ಬಿಟ್ಟು ಮತ್ತೆ ಹೊಡೆಯಬೇಕೆಂದೂ ಬರೆದಿದ್ದೆ. ಹೊಡೆಯುವವನು ಬಿದ್ದರೆ ಏನು ಮಾಡಬೇಕೆಂದು ಒಂದು ಸಾಲೂ ಬರೆದಿರಲಿಲ್ಲ. ಅಂದಿನಿಂದ ಚೀಟಿಯ ಹಿಂಬದಿಯಲ್ಲಿ ಅದನ್ನೂ ಬರೆದುಕೊಡುತ್ತಿದ್ದೇನೆ. ಆದರೆ ಚೀಟಿಯಿಂದ ಎಲ್ಲ ಕೆಲಸ ಆಗುವುದಿಲ್ಲ. ಕೈಗೆ ಅಭ್ಯಾಸ ಬೇಕು.

ಕಾರ್ಖಾನೆಗೆ ಒಂದು ನಿಯಮ, ಗದ್ದೆಗೆ?

ಹರಿಹರದ ಸುತ್ತಿನವರಿಗೆ ಕಾರ್ಖಾನೆ ಹೊಸದಲ್ಲ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ತಳವೂರಿತು. ಅದು ಈಗ ಮುಚ್ಚಿದೆ. ಹೊಳೆಯಾಚೆ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಪಾಲಿಫೈಬರ್ಸ್ ಬಂತು. ನಿಮ್ಮ ಮನೆಗಳಲ್ಲೇ ಕಾರ್ಖಾನೆ ಕೆಲಸ ಮಾಡಿದ ಹಿರಿಯರಿದ್ದಾರೆ. ಅವರನ್ನು ಕೇಳಿ ನೋಡಿರಿ. ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಅದರ ಹೊಣೆ ಹೊತ್ತವನು ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದಿರಬೇಕು, ಕೆಲಸದ ವೇಳೆಯಲ್ಲೆಲ್ಲ ಅವನು ಕೈಗೆ ಸಿಗುವಂತಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿದ್ದರು. ಪೆಟ್ಟಿಗೆ ಇಟ್ಟರೆ ಸಾಲದು, ಕಲಿತ ಮನುಷ್ಯನೂ ಬೇಕು ಎಂಬುದು ಅದರ ತಿರುಳು.

ಈಗ ನಾಟಿಯ ದಿನ ಗದ್ದೆಗಿಳಿಯುವ ಇಪ್ಪತ್ತು ಹೆಣ್ಣಾಳುಗಳನ್ನು ನೆನೆಯಿರಿ. ಜೋಳ ಒಕ್ಕುವ ಯಂತ್ರದ ಸುತ್ತ ನಿಂತ ಹತ್ತು ಜನರನ್ನು ನೆನೆಯಿರಿ. ಅಲ್ಲಿ ಪೆಟ್ಟಿಗೆಯೂ ಇಲ್ಲ, ಕಲಿತವರೂ ಇಲ್ಲ.

ಕೃಷಿಗೆ ಸಂಬಂಧಿಸಿ ನಿಯಮವೇ ಇಲ್ಲ ಎಂದಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರವೇ 1968ರ ಕೀಟನಾಶಕ ಕಾಯಿದೆ, 1971ರ ಕೀಟನಾಶಕ ನಿಯಮಗಳು ಬಂದವು. ಪ್ರತಿವಿಷ ಮತ್ತು ಪ್ರಥಮ ಚಿಕಿತ್ಸೆಯ ಔಷಧಿಗಳನ್ನು ಸಾಕಷ್ಟು ಇಟ್ಟಿರಬೇಕು, ತಯಾರಕರು ಮತ್ತು ವಿತರಕರು ಮುನ್ನೆಚ್ಚರಿಕೆಯ ಬಗ್ಗೆ ತರಬೇತಿಯ ಏರ್ಪಾಡು ಮಾಡಬೇಕು ಎಂದು ಆ ನಿಯಮಗಳಲ್ಲಿ ಬರೆದರು. ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ತರಬೇತಿಯನ್ನೂ ಆರಂಭಿಸಿತು. ಆದರೆ ನಿಯಮ ಅಂಗಡಿಯ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಅಂಗಡಿಯಿಂದ ಗದ್ದೆಗೆ ಬಾಟಲಿ ಒಂದೇ ಬರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದ ಸುಮಾರು ಇಪ್ಪತ್ತು ಮಂದಿ ಒಂದೇ ಹಂಗಾಮಿನಲ್ಲಿ ಸತ್ತದ್ದನ್ನು ನೀವು ಓದಿರಬಹುದು. ಅವರೂ ನಮ್ಮಂಥ ರೈತರು, ಕೂಲಿಗಳೇ.

ಯಾರು ಎಷ್ಟು ಕಲಿತಿದ್ದಾರೆ?

ಕರ್ನಾಟಕದಲ್ಲಿ 108 ವಾಹನ ಆರಂಭವಾದದ್ದು 2008ರ ನವೆಂಬರ್ 1ರಂದು. ಆ ವಾಹನದಲ್ಲಿ ಬರುವ ತುರ್ತು ಚಿಕಿತ್ಸಾ ಸಿಬ್ಬಂದಿ ವೈದ್ಯರಲ್ಲ. ಆದರೆ ಅವರಿಗೆ ತರಬೇತಿಯಾಗಿರುತ್ತದೆ. ಅವರ ಕೈಯಲ್ಲಿ ಒಂದು ಬರೆದಿಟ್ಟ ಕ್ರಮ ಇರುತ್ತದೆ. ಉಸಿರು ಹೀಗಿದ್ದರೆ ಹೀಗೆ ಮಾಡು, ರಕ್ತ ಹೀಗೆ ಸುರಿದರೆ ಹೀಗೆ ಕಟ್ಟು, ಇಷ್ಟರ ಮೇಲೆ ವೈದ್ಯರನ್ನು ಕೇಳದೆ ಕೈ ಹಾಕಬೇಡ ಎಂಬ ಕ್ರಮ. ಇದಕ್ಕೇ ಪ್ರೋಟೋಕಾಲ್ ಎನ್ನುತ್ತಾರೆ. ಮಾಡಬೇಕಾದದ್ದನ್ನು ಹೇಳುವಷ್ಟೇ ಗಟ್ಟಿಯಾಗಿ ಮಾಡಬಾರದ್ದನ್ನೂ ಅದು ಹೇಳುತ್ತದೆ. ಯಾರ ಕೈ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರುವುದೇ ತರಬೇತಿಯ ಅರ್ಧ ಭಾಗ. ಸಹವೈದ್ಯಕೀಯ ವೃತ್ತಿಗಳಿಗಾಗಿ 2021ರಲ್ಲಿ ಆದ ಕೇಂದ್ರ ಕಾಯಿದೆಯು ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು.

ಹಳ್ಳಿಯೊಳಗೆ ನಿಮಗೆ ಹತ್ತಿರದವರು ಆಶಾ ಕಾರ್ಯಕರ್ತೆ. 2005ರಲ್ಲಿ ಆ ಯೋಜನೆ ಹೊರಟಾಗ ಸಾವಿರ ಜನಸಂಖ್ಯೆಗೆ ಒಬ್ಬರು, ಮೊದಲ ವರ್ಷ 23 ದಿನಗಳ ತರಬೇತಿ ಎಂದು ಗೊತ್ತುಮಾಡಿದ್ದರು. ಅವರ ಮುಖ್ಯ ಕೆಲಸ ತಾಯಿ ಮತ್ತು ಮಗುವಿನ ಆರೈಕೆ. ಗದ್ದೆಯ ಅಪಘಾತಕ್ಕೆಲ್ಲ ಆ ತಾಯಿಯೊಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಇವರಿಬ್ಬರೂ ಬರುವ ಮೊದಲು ಬಿದ್ದವನನ್ನು ಮುಟ್ಟುವವರು ಬೇರೆಯೇ ಇದ್ದಾರೆ. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಅಕ್ಕ, ನೀರು ಕಟ್ಟುತ್ತಿದ್ದ ಅಣ್ಣ, ಟ್ರಾಕ್ಟರ್ ಹೊಡೆಯುವ ಹುಡುಗ. ಎಲ್ಲರಿಗಿಂತ ಮೊದಲು ಬರುವವರಿಗೆ ಎಲ್ಲರಿಗಿಂತ ಕಡಿಮೆ ತರಬೇತಿ. ನಾನು ಹೇಳಬೇಕಾದ ಮಾತು ಇದೇ.

ಪುಸ್ತಕದ ಕ್ರಮ, ಊರಿನ ಕ್ರಮ

ಕೃಷಿ ವಿಶ್ವವಿದ್ಯಾನಿಲಯದವರು ಬೇಸಾಯ ಕ್ರಮಗಳ ಪುಸ್ತಕ ಪ್ರಕಟಿಸುತ್ತಾರೆ. ಅದರಲ್ಲಿ ಗೊಬ್ಬರದ ಪ್ರಮಾಣ ಇರುತ್ತದೆ. ಆದರೂ ನಾವು ಮಣ್ಣು ಪರೀಕ್ಷೆ ಮಾಡಿಸಿರಿ ಎನ್ನುತ್ತೇವೆ. ಪುಸ್ತಕ ಇಡೀ ನಾಡಿಗೆ, ಮಣ್ಣು ನಿಮ್ಮ ಹೊಲದ್ದು. ತುರ್ತು ಚಿಕಿತ್ಸೆಯಲ್ಲೂ ಹಾಗೆಯೇ. ಹಾವು ಕಚ್ಚಿದಾಗ ಕಾಲು ಅಲುಗಿಸಬಾರದು ಎಂಬುದು ಎಲ್ಲ ಊರಿಗೂ ಒಂದೇ. ಆದರೆ ಯಾವ ದಾರಿಯಲ್ಲಿ, ಯಾವ ಆಸ್ಪತ್ರೆಗೆ, ಯಾರ ವಾಹನದಲ್ಲಿ ಎಂಬುದು ಊರೂರಿಗೂ ಬೇರೆ.

ಅಮೆರಿಕದ ಒಂದು ಪದ್ಧತಿ ಇಲ್ಲಿ ಗಮನಿಸತಕ್ಕದ್ದು. ಅಲ್ಲಿ ತುರ್ತು ವಾಹನದಲ್ಲಿ ಮೂಲ ಹಂತದ ಚಿಕಿತ್ಸೆ ಕೊಡುವವರು ತಮ್ಮ ರಾಷ್ಟ್ರೀಯ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅದಕ್ಕೆ 40 ಗಂಟೆಗಳ ಕಲಿಕೆ ಬೇಕು. ಅದರಲ್ಲಿ 20 ಗಂಟೆ ದೇಶಕ್ಕೆಲ್ಲ ಒಂದೇ ಪಾಠ. 10 ಗಂಟೆ ಆ ರಾಜ್ಯ ಅಥವಾ ಆ ಸ್ಥಳಕ್ಕೆ ಸೇರಿದ ಪಾಠ. ಉಳಿದ 10 ಗಂಟೆ ಅವರೇ ಆರಿಸಿಕೊಳ್ಳುವ ಪಾಠ. ಕಾಲುಭಾಗವನ್ನು ಸ್ಥಳೀಯ ವಿಷಯಕ್ಕೆಂದೇ ತೆಗೆದಿಟ್ಟಿದ್ದಾರೆ. ಒಮ್ಮೆ ಕಲಿತದ್ದು ಎರಡು ವರ್ಷದಲ್ಲಿ ಮಾಸುತ್ತದೆ ಎಂಬುದನ್ನೂ ಒಪ್ಪಿಕೊಂಡಿದ್ದಾರೆ. ಅವರ ಯಂತ್ರಗಳು ನಮ್ಮಲ್ಲಿ ಇಲ್ಲದಿರಬಹುದು. ಈ ಎರಡು ಬುದ್ಧಿಗಳನ್ನು ತರಲು ದುಡ್ಡು ಬೇಕಿಲ್ಲ.

ಸಾರಥಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತುಂಗಭದ್ರೆಯ ಮಗ್ಗುಲಿನ ಊರು. ಹೊಳೆ ಏರಿದರೆ ಸಾರಥಿ–ಚಿಕ್ಕಬಿದರಿ ರಸ್ತೆಯ ಮೇಲೆ ನೀರು ಬರುತ್ತದೆ. ಬೇಸಿಗೆಯಲ್ಲಿ ನೇರವಾದ ದಾರಿ ಮಳೆಗಾಲದಲ್ಲಿ ಸುತ್ತುದಾರಿಯಾಗುತ್ತದೆ. ಹಾವಿನ ಕಡಿತ ಹೆಚ್ಚುವುದೂ, ಔಷಧಿ ಹೊಡೆಯುವುದು ಹೆಚ್ಚುವುದೂ ಅದೇ ಮಳೆಗಾಲದಲ್ಲಿ. ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಬರೆದ ಪುಸ್ತಕಕ್ಕೆ ಈ ರಸ್ತೆಯ ನೀರು ತಿಳಿಯದು. ಊರಿನವರಿಗೆ ತಿಳಿದಿದೆ. ಆದ್ದರಿಂದ ಊರಿನ ಕ್ರಮವನ್ನು ಊರಿನವರೇ ಬರೆಯಬೇಕು.

ಅದರಲ್ಲಿ ಏನೇನು ಬರೆಯಬೇಕು?

1. 108ಕ್ಕೆ ಹೇಳುವ ಮಾತು: ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಹೊಲದ ಹತ್ತಿರದ ಗುರುತು. ಒಂದೇ ಹೆಸರಿನ ಊರುಗಳು ಹಲವಿರುತ್ತವೆ. "ಕೆರೆ ಏರಿ ಹತ್ತಿರ" ಎಂದರೆ ನಿಮಗೆ ಗೊತ್ತು, ಚಾಲಕನಿಗೆ ಗೊತ್ತಿಲ್ಲ. ವಾಹನ ಯಾವ ಜಾಗದವರೆಗೆ ಬರಬಲ್ಲದು, ಅಲ್ಲಿ ಬ್ಯಾಟರಿ ಹಿಡಿದು ನಿಲ್ಲುವವರು ಯಾರು ಎಂಬುದೂ ಮೊದಲೇ ಗೊತ್ತಾಗಿರಲಿ.

2. ದಾರಿ: ಬೇಸಿಗೆಯ ದಾರಿ ಒಂದು, ಹೊಳೆ ಏರಿದಾಗಿನ ದಾರಿ ಒಂದು. ಎರಡನ್ನೂ ಬರೆಯಿರಿ.

3. ಆಸ್ಪತ್ರೆ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಹರಿಹರದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಹಾವಿನ ಪ್ರತಿವಿಷ ಎಲ್ಲಿ ಸದಾ ಇರುತ್ತದೆ, ರಾತ್ರಿ ವೈದ್ಯರು ಎಲ್ಲಿರುತ್ತಾರೆ ಎಂಬುದನ್ನು ಹಂಗಾಮಿಗೆ ಮೊದಲೇ ಹೋಗಿ ಕೇಳಿ ಬರೆದುಕೊಳ್ಳಿರಿ. ಹಾವು ಕಚ್ಚಿದ ಮೇಲೆ ಕೇಳುತ್ತ ಅಲೆಯುವುದೆಂದರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

4. ವಾಹನ: 108 ತಡವಾದರೆ ಊರಿನಲ್ಲಿ ರಾತ್ರಿ ಎಬ್ಬಿಸಬಹುದಾದ ಎರಡು ವಾಹನ, ಅವುಗಳ ಚಾಲಕರ ಹೆಸರು.

5. ಕಲಿತವರ ಹೆಸರು: ಪ್ರತಿ ಓಣಿಗೆ ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳು.

ಈ ಹಾಳೆಯನ್ನು ವಾಚನಾಲಯದ ಗೋಡೆಗೆ, ಹಾಲಿನ ಡೇರಿಗೆ, ಔಷಧಿ ಅಂಗಡಿಗೆ ಅಂಟಿಸಿರಿ.

ಕೀಟನಾಶಕ ಮೈಗೆ ಹತ್ತಿದಾಗ

ಈಗ ಕೈ ಕಲಿಯಬೇಕಾದ ಕೆಲಸಗಳಿಗೆ ಬರೋಣ. ವಿಪರೀತ ಬೆವರು, ಜೊಲ್ಲು, ವಾಂತಿ, ಮಾಂಸಖಂಡ ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗುವುದು, ಉಸಿರಾಟಕ್ಕೆ ಕಷ್ಟ. ಇವು ಹಲವು ಕೀಟನಾಶಕಗಳು, ಅದರಲ್ಲೂ ರಂಜಕಯುಕ್ತ ಕೀಟನಾಶಕಗಳು, ಏರಿದಾಗ ಕಾಣುವ ಲಕ್ಷಣ.

ಮೊದಲು ಅವನನ್ನು ಔಷಧಿ ಹೊಡೆದ ಜಾಗದಿಂದ ಗಾಳಿ ಆಡುವ ಕಡೆಗೆ ತನ್ನಿರಿ. ತೊಯ್ದ ಬಟ್ಟೆಯನ್ನೆಲ್ಲ ಬಿಚ್ಚಿರಿ. ನಾಚಿಕೆಗೆ ಇದು ಸಮಯವಲ್ಲ. ವಿಷ ಚರ್ಮದ ಮೂಲಕ ಇಳಿಯುತ್ತಲೇ ಇರುತ್ತದೆ. ಸೋಪು ಹಚ್ಚಿ ಧಾರಾಳ ನೀರಿನಲ್ಲಿ ಮೈ, ತಲೆಗೂದಲು, ಉಗುರಿನ ಸಂದು ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿರಿ. ಮುಟ್ಟುವವರು ಕೈಗೆ ಗವುಸು ಹಾಕಿಕೊಳ್ಳಿರಿ. ಇಲ್ಲವಾದರೆ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಇಲ್ಲದಿದ್ದರೆ ಒಬ್ಬ ರೋಗಿಯ ಜಾಗದಲ್ಲಿ ಇಬ್ಬರಾಗುತ್ತಾರೆ.

ಒಬ್ಬರು ತೊಳೆಯುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿರಿ. ಆಗ ವಾಂತಿ ಹೊರಕ್ಕೆ ಹೋಗುತ್ತದೆ, ಶ್ವಾಸನಾಳಕ್ಕೆ ಇಳಿಯುವುದಿಲ್ಲ. ಉಸಿರೇ ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ದೊಡ್ಡವರಾದರೆ ಎದೆ ಸುಮಾರು ಎರಡು ಅಂಗುಲ ಇಳಿಯಬೇಕು. ವಿಷ ಹತ್ತಿದವನ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಹೋಗಬೇಡಿರಿ. ಎದೆ ಒತ್ತುವ ವಿದ್ಯೆ ಓದಿ ಬರುವುದಿಲ್ಲ. ಬೊಂಬೆಯ ಮೇಲೆ ಕಲಿತೇ ಬರಬೇಕು.

ಮಾಡಬಾರದ್ದು: ಉಪ್ಪುನೀರು, ಮಜ್ಜಿಗೆ, ಹಾಲು, ಎಣ್ಣೆ, ಮೊಟ್ಟೆ ಯಾವುದನ್ನೂ ಕುಡಿಸಬೇಡಿರಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ. ಅಟ್ರೋಪಿನ್ ಎಂಬ ಚುಚ್ಚುಮದ್ದು ಇದೆ ಎಂದು ಕೇಳಿ ಕಂಡವರ ಕೈಯಲ್ಲಿ ಚುಚ್ಚಿಸಬೇಡಿರಿ. ಅದನ್ನು ಎಷ್ಟು, ಎಲ್ಲಿಯವರೆಗೆ ಕೊಡಬೇಕೆಂಬುದು ವೈದ್ಯರ ಲೆಕ್ಕ.

ಬಾಟಲಿ, ಅದರ ಜೊತೆಯ ಚೀಟಿ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೋಗಿಯ ಜೊತೆಗೇ ಕಳುಹಿಸಿರಿ. ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. ಬಾಟಲಿಯ ಮೇಲಿನ ಬಣ್ಣದ ಗುರುತನ್ನೂ ತಿಳಿದಿರಿ. ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವಿಲ್ಲ ಎಂದಲ್ಲ. ಕಳೆನಾಶಕ ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ ಎಂಬುದನ್ನು ಮರೆಯಬೇಡಿರಿ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಮನಸ್ಸು ಕುಗ್ಗಿ ವಿಷ ಕುಡಿದವರನ್ನು ಪೊಲೀಸರ ಹೆದರಿಕೆಯಿಂದ ಮನೆಯಲ್ಲೇ ಮುಚ್ಚಿಟ್ಟು ಹೊತ್ತು ಕಳೆದ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸುತ್ತದೆ, ಅಪರಾಧಿಗಳೆಂದಲ್ಲ. ಅವರಿಗೂ ಇದೇ ಕ್ರಮ, ಇದೇ ಅವಸರ. ಆಸ್ಪತ್ರೆಯಲ್ಲಿ ನಿಜ ಹೇಳಿರಿ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಮೂಲೆ ಹಿಡಿದಿದ್ದರೆ ಔಷಧಿಯ ಬಾಟಲಿಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿರಿ, ಜೊತೆಗೆ ಕೂತು ಮಾತಾಡಿಸಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು.

ಹಾವು ಕಚ್ಚಿದಾಗ

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಅದೇ ವರ್ಷ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಯೋಜನೆ ತಂದಿತು. 2030ರ ಹೊತ್ತಿಗೆ ಇಂಥ ಸಾವನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ.

ಊರಿನವರು ಕಲಿಯಬೇಕಾದದ್ದು ನಾಲ್ಕೇ ಮಾತು. ಧೈರ್ಯ ಹೇಳಿರಿ, ಕಚ್ಚಿದ ಹಾವೆಲ್ಲ ವಿಷದ ಹಾವಲ್ಲ. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿರಿ. ಉಂಗುರ, ಕಾಲುಂಗುರ, ಬಳೆ, ಕಡಗ ತೆಗೆದುಬಿಡಿರಿ, ಆಮೇಲೆ ಊತ ಬಂದರೆ ತೆಗೆಯಲಾಗದು. ನಡೆಸದೆ, ಎತ್ತಿಕೊಂಡು ನೇರವಾಗಿ ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ.

ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಒಮ್ಮೆಲೆ ಬಿಚ್ಚಬೇಡಿರಿ, ವೈದ್ಯರು ಬಿಚ್ಚಲಿ. ಹಾವನ್ನು ಹೊಡೆದು ತರಬೇಕಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಮಂತ್ರ, ನಾಟಿ ಔಷಧಿ ಎಂದು ಹೊತ್ತು ಕಳೆಯಬೇಡಿರಿ. ನಿಮ್ಮ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ, ಆಸ್ಪತ್ರೆಯಿಂದ ಬಂದ ಮೇಲೆ ದೇವರಿಗೆ ಕಾಯಿ ಒಡೆಸಿರಿ. ಕಣದಲ್ಲಿ, ಪಂಪ್‌ಸೆಟ್ ಮನೆಯಲ್ಲಿ ನೆಲದ ಮೇಲೆ ಮಲಗುವವರಿಗೆ ಒಂದು ಎಚ್ಚರಿಕೆ: ಕಟ್ಟುಹಾವು ರಾತ್ರಿ ಕಚ್ಚಿದರೆ ನೋವೂ ಊತವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋತುಬೀಳುವುದು ಕಂಡರೆ ಅದನ್ನು ಅಜೀರ್ಣವೆಂದು ತಿಳಿಯದೆ ಆಸ್ಪತ್ರೆಗೆ ಓಡಿರಿ.

ಪಂಪ್‌ಸೆಟ್ಟಿನಲ್ಲಿ ವಿದ್ಯುತ್ ಹಿಡಿದವನನ್ನು ಬರಿಗೈಯಲ್ಲಿ ಮುಟ್ಟಬೇಡಿರಿ. ಮೊದಲು ಮೈನ್ ಸ್ವಿಚ್ ತೆಗೆಯಿರಿ. ಅದು ಕೈಗೆ ಸಿಗದಿದ್ದರೆ ಒಣ ಜಾಗದಲ್ಲಿ ನಿಂತು ಒಣಗಿದ ಕಟ್ಟಿಗೆಯಿಂದ ಅವನನ್ನು ಬಿಡಿಸಿರಿ. ಉಸಿರಿಲ್ಲದಿದ್ದರೆ ಮೇಲೆ ಹೇಳಿದಂತೆ ಎದೆ ಒತ್ತುವುದೇ ದಾರಿ.

ಕೈ ಹಾಕಿದರೆ ಕೇಸು ಬರುತ್ತದೆಯೇ?

ಈ ಹೆದರಿಕೆ ಎಷ್ಟೋ ಕೈಗಳನ್ನು ಕಟ್ಟಿಹಾಕಿದೆ. ಅಪಘಾತಕ್ಕೀಡಾದವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುವ ಕಾಯಿದೆಯನ್ನು ಕರ್ನಾಟಕ 2016ರಲ್ಲಿ ಮಾಡಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ರಸ್ತೆ ಅಪಘಾತಗಳ ಮಟ್ಟಿಗೆ 2019ರ ಮೋಟಾರು ವಾಹನ ತಿದ್ದುಪಡಿಯೂ ಇಂಥದೇ ರಕ್ಷಣೆ ಕೊಟ್ಟಿದೆ. ಕಲಿತ ಕ್ರಮದಂತೆ ನಡೆದವರ ಮನಸ್ಸಿಗೂ ಧೈರ್ಯವಿರುತ್ತದೆ. ತೋಚಿದ್ದನ್ನೆಲ್ಲ ಮಾಡಿದವರಿಗೆ ಆ ಧೈರ್ಯ ಇರುವುದಿಲ್ಲ.

ರೋಹಿಣಿ ಮಳೆಗೆ ಮೊದಲು

ಬೀಜ ಗೊಬ್ಬರ ಕೂಡಿಸುವ ಕಾಲಕ್ಕೇ ಈ ಕೆಲಸವನ್ನೂ ಕೂಡಿಸಿಕೊಳ್ಳಿರಿ. ಮೇ ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿರಿ. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿರಿ. ಪ್ರತಿ ಊರಿನಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕೆಂದಿದೆ, ಅದನ್ನು ಎಚ್ಚರಿಸಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಅರ್ಧ ದಿನಕ್ಕೆ ಊರಿಗೆ ಕರೆಯಿರಿ. ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು ಪ್ರಮಾಣಪತ್ರವನ್ನೂ ಕೊಡುತ್ತವೆ. ಊರಿನ ನಾಲ್ಕು ಯುವಕರು, ನಾಲ್ಕು ಯುವತಿಯರನ್ನು ಅಲ್ಲಿಗೆ ಕಳುಹಿಸಿರಿ. ಔಷಧಿ ಹೊಡೆಯುವ ಕೂಲಿಯವರನ್ನು ಮಾತ್ರ ಬಿಡಬೇಡಿರಿ. ಅವರ ಆ ದಿನದ ಕೂಲಿಯನ್ನು ಜಮೀನಿನವರು ಕೊಡುವುದು ಧರ್ಮ.

ತರಬೇತಿ ಎಂದರೆ ಭಾಷಣ ಕೇಳಿ ಚಹಾ ಕುಡಿದು ಬರುವುದಲ್ಲ. ಗದ್ದೆಯ ಬದುವಿನ ಮೇಲೆ ಒಬ್ಬನನ್ನು ಬಿದ್ದವನಂತೆ ಮಲಗಿಸಿ ಒಂದು ಸಲ ನಡೆಸಿ ನೋಡಿರಿ. ಕರೆ ಮಾಡುವವರು ಯಾರು, ನೀರು ತರುವವರು ಯಾರು, ಬಾಟಲಿ ಹುಡುಕುವವರು ಯಾರು, ರಸ್ತೆಗೆ ಓಡುವವರು ಯಾರು? ಗಡಿಯಾರ ಹಿಡಿದು ಎಷ್ಟು ನಿಮಿಷವಾಯಿತು ನೋಡಿರಿ. ಮೊದಲ ಸಲ ಗೊಂದಲವಾಗುತ್ತದೆ, ಆಗಲಿ. ನಿಜವಾದ ದಿನದಂದು ಆಗುವುದಕ್ಕಿಂತ ಅಂದೇ ಆಗುವುದು ಲೇಸು. ಮುಂದಿನ ವರ್ಷ ಮೇ ತಿಂಗಳಲ್ಲಿ ಮತ್ತೆ ಮಾಡಿರಿ. ಆ ವೇಳೆಗೆ ಚಾಲಕರ ಹೆಸರು ಬದಲಾಗಿರುತ್ತದೆ, ಆಸ್ಪತ್ರೆಯ ಏರ್ಪಾಡು ಬದಲಾಗಿರುತ್ತದೆ, ಕಲಿತ ಹೆಣ್ಣುಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ. ಹಾಳೆಯನ್ನೂ ತಿದ್ದಬೇಕು, ಕೈಯನ್ನೂ ತಿದ್ದಬೇಕು.

ನಮ್ಮ ಇಲಾಖೆಯವರು ಊರಿಗೆ ಬಂದಾಗ ನೀವು ಬೀಜದ ಬಗ್ಗೆ, ಗೊಬ್ಬರದ ಬಗ್ಗೆ ಕೇಳುತ್ತೀರಿ. ಇನ್ನು ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: "ಈ ಔಷಧಿ ಹೊಡೆಯುವಾಗ ಆಳು ಬಿದ್ದರೆ ಏನು ಮಾಡಬೇಕು?" ಉತ್ತರ ಗೊತ್ತಿಲ್ಲದ ಅಧಿಕಾರಿಯ ಚೀಟಿಯನ್ನು ಜೇಬಿಗೆ ಹಾಕಿಕೊಳ್ಳಬೇಡಿರಿ. ಹನ್ನೆರಡು ವರ್ಷದ ಹಿಂದೆ ಯಾರಾದರೂ ಆ ಪ್ರಶ್ನೆಯನ್ನು ನನಗೆ ಕೇಳಿದ್ದರೆ, ಆ ಹುಡುಗನ ಒದ್ದೆ ಅಂಗಿಯನ್ನು ಬದುವಿನ ಮೇಲೆಯೇ ಬಿಚ್ಚಿರುತ್ತಿದ್ದರು.